ಅವ್ವ ಸಸ್ಪೆಂಡಾದ ದಿನಗಳು

ನಮ್ಮ ಮನೆಯಲ್ಲಿ ಮೊಟ್ಟಮೊದಲು ಸಸ್ಪೆಂಡ್ ಆದವಳು ದೊಡ್ಡವ್ವ, ಹಾಲು ಉಕ್ಕಿಸಿದ್ದಕ್ಕೆ. ಆಮೇಲೆ ಅಪ್ಪ, ಗಾಡಿಯನ್ನು ಕೇಳದೆ ಬಳ್ಳಿಗಾವಿಯ ಗೆಳೆಯನಿಗೆ ಕೊಟ್ಟಿದ್ದಕ್ಕೆ. ಒಂದು ದಿನದ ಮಟ್ಟಿಗೆ ನಾನೂ ಆಗಿದ್ದೆ. ಯಾಕೆ ಅಂತ ಮರೆತಿದ್ದೇನೆ, ಹಸಿವು ಮಾತ್ರ ನೆನಪಿದೆ. ಸಸ್ಪೆಂಡ್ ಮಾಡುತ್ತಿದ್ದವರು ದೊಡ್ಡಪ್ಪ, ಅಪ್ಪನ ಅಣ್ಣ, ಮನೆಯ ಯಜಮಾನ. ಅವರು ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂರುವುದು, ಗಂಟೆ ಬಾರಿಸಿದರೆ ಎದ್ದು ಒಳಗೆ ಓಡುವುದು, ಬೈಸಿಕೊಂಡು ಹೊರಗೆ ಬರುವುದು, ಇಷ್ಟೇ ಅವರ ನೌಕರಿ. ಬೇರೆ ಮನೆಗಳ ಗಂಡಸರು ಸಂಜೆ ಪೇಟೆಯಿಂದ ಬರುವಾಗ ಮಕ್ಕಳಿಗೆ ಮಂಡಕ್ಕಿ ತರುತ್ತಿದ್ದರು. ನಮ್ಮ ದೊಡ್ಡಪ್ಪ ಕಚೇರಿಯ ಮಾತು ತರುತ್ತಿದ್ದರು. ಆರ್ಡರ್, ಪರ್ಮಿಷನ್, ಕಂಟ್ರೋಲ್, ಚಾರ್ಜ್, ರಿಪೋರ್ಟ್, ಸ್ಟ್ರಿಕ್ಟ್, ಅಂಡರ್. ಎ ಬಿ ಸಿ ಡಿ ಕಣ್ಣಿಗೆ ಬೀಳುವ ಮೊದಲೇ ಇವೆಲ್ಲ ನನಗೆ ಬರುತ್ತಿದ್ದವು. ಉಪ್ಪು, ಮೆಣಸಿನಕಾಯಿ, ಕೊಡಪಾನ ಅನ್ನುವ ಹಾಗೆ ಇವೂ ನಮ್ಮ ಮನೆಯ ಮಾತು ಎಂದು ತಿಳಿದಿದ್ದೆ. ದಿನವಿಡೀ ತಾವು ಯಾರ ಬಾಯಿಂದ ಏನು ಕೇಳಿಸಿಕೊಂಡಿದ್ದರೋ ಅದನ್ನೇ ಸಂಜೆ ನಮ್ಮ ಮೇಲೆ ಇಳಿಸುತ್ತಿದ್ದರು. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಅರ್ಥವಾದ ಮೇಲೂ ಕನಿಕರ ಹುಟ್ಟಲಿಲ್ಲ, ಸಿಟ್ಟು ಹೆಚ್ಚಾಯಿತು.

ಮನೆ ಉದ್ದವಾಗಿತ್ತು. ಬೀದಿಗೆ ಜಗಲಿ, ಜಗಲಿಯ ಹಿಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಪಕ್ಕಕ್ಕೆ ದೇವರ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವಲ್ಲಿ ಬಚ್ಚಲು, ಬಚ್ಚಲಿಗೂ ಗೋಡೆಗೂ ನಡುವೆ ಒಂದು ಕತ್ತಲ ಓಣಿ. ಎರಡು ಸಂಸಾರ, ಒಂದಿಷ್ಟು ಮಕ್ಕಳು, ದೊಡ್ಡಪ್ಪನ ಒಬ್ಬ ಸೋದರತ್ತೆ, ಎಲ್ಲ ಸೇರಿ ಹದಿನಾಲ್ಕು ಜನ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಗಂಡಸರು ನಡುಮನೆಯಲ್ಲಿ ಸಾಲಾಗಿ ಕೂರುತ್ತಿದ್ದರು, ಅವರಾದ ಮೇಲೆ ಮಕ್ಕಳು, ಕೊನೆಗೆ ಹೆಂಗಸರು. ಮನೆಯನ್ನು ದೊಡ್ಡಪ್ಪ ಚಾರ್ಜುಗಳಾಗಿ ಹಂಚಿಟ್ಟಿದ್ದರು. ಒಲೆ ಅವ್ವನ ಚಾರ್ಜು, ಯಾಕೆಂದರೆ ದೊಡ್ಡವ್ವನ ಬಲಗೈ ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಅವಳಿಗೆ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ದನ, ಗಾಡಿ, ಉಡುತಡಿ ಕಡೆಯ ಹೊಲ ಅಪ್ಪನ ಚಾರ್ಜು. ಬೀದಿ ಬಾಗಿಲು ಮಾತ್ರ ನೇರವಾಗಿ ದೊಡ್ಡಪ್ಪನ ಅಂಡರ್. ಬಾವಿಯಿಂದ ಆಚೆಗೆ ಯಾವ ಹೆಂಗಸು ಹೆಜ್ಜೆ ಇಡಬೇಕಾದರೂ ಪರ್ಮಿಷನ್ ಬೇಕು. ಗುಡಿಗಾದರೆ ಬೇಗ ಸಿಗುತ್ತಿತ್ತು, ತವರಿಗಾದರೆ ಇಲ್ಲ. ಸಸ್ಪೆಂಡ್ ಆದವರು ಸಾಲಿನಲ್ಲಿ ಕೂರುವ ಹಾಗಿಲ್ಲ. ಎಲ್ಲರದೂ ಮುಗಿದ ಮೇಲೆ ತಮ್ಮ ತಾಟು ಹಿಡಿದು ಬಚ್ಚಲ ಓಣಿಗೆ ಹೋಗಿ ಉಳಿದದ್ದನ್ನು ತಿನ್ನಬೇಕು, ಯಾರೂ ಅವರನ್ನು ಮಾತಾಡಿಸಬಾರದು. ಕೆಲಸ ಮಾತ್ರ ಎಂದಿನಂತೆ ಮಾಡಬೇಕು. ದೊಡ್ಡವ್ವ ಸಸ್ಪೆಂಡ್ ಆದಾಗಲೂ ಸೊಟ್ಟಗೈಯಲ್ಲೇ ದನದ ಸಗಣಿ ಬಾಚಿದಳು. ಅಪ್ಪ ಸಸ್ಪೆಂಡ್ ಆದಾಗಲೂ ಹೊಲ ಹೂಡಿ ಬಂದ. ಇದರಲ್ಲಿ ಏನೋ ಸರಿಯಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಇದರ ನಡುವೆ ನಾನೆಲ್ಲಿದ್ದೆ ಅನ್ನುವುದನ್ನು ಹೇಳಬೇಕು. ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ನಿಲ್ಲಬಾರದು, ಇಬ್ಬರೂ ನೇರ ಮಾತಾಡಬಾರದು, ಇದು ನಮ್ಮಲ್ಲಿ ಮೊದಲಿನಿಂದ ಬಂದ ನಡವಳಿಕೆ. ಹಾಗಾಗಿ ದೊಡ್ಡಪ್ಪ ಅವ್ವನಿಗೆ ಏನೇ ಹೇಳಬೇಕಾದರೂ ನನ್ನನ್ನು ಕರೆಯುತ್ತಿದ್ದರು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಿದ್ದಳು. ಆದರೂ ನಾನು ಪಡಸಾಲೆಯಿಂದ ಅಲ್ಲಿಗೆ ನಡೆದು, ಅದೇ ಮಾತನ್ನು ಮತ್ತೆ ಹೇಳಿ, ಅವಳ ಉತ್ತರವನ್ನು ವಾಪಸ್ ಒಯ್ಯಬೇಕು. ನನ್ನ ಹೆಸರು ಶಾಂತವ್ವ. ಇಟ್ಟವರಿಗೆ ನಾನು ಎಂಥವಳಾಗುತ್ತೇನೆ ಅಂತ ಗೊತ್ತಿರಲಿಲ್ಲ. ದೊಡ್ಡಪ್ಪ ಶಾಂತಿ ಅನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದೆ, ಪ್ರತಿಯಾಗಿ ಆಗಾಗ ಒಂದು ಚೂರು ಬೆಲ್ಲ ಸಿಗುತ್ತಿತ್ತು. ಬೆಲ್ಲಕ್ಕಾಗಿ ಓಡುತ್ತಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಅದು ಸುಳ್ಳು. ಆ ಮಾತುಗಳು ನನ್ನ ಬಾಯಲ್ಲಿ ಬಂದಾಗ ದೊಡ್ಡವರು ಎದ್ದು ನಿಲ್ಲುವುದು, ಕೈಯಲ್ಲಿದ್ದದ್ದನ್ನು ಕೆಳಗಿಡುವುದು ನನಗೆ ಖುಷಿ ಕೊಡುತ್ತಿತ್ತು. ಆರ್ಡರ್ ಆಗೈತಿ ಅಂತ ಬಾಗಿಲಲ್ಲಿ ನಿಂತು ಒಂದು ಸಲ ಅಂದರೆ ಸಾಕು, ಹೆತ್ತ ಅವ್ವನೂ ತಿರುಗಿ ನೋಡುತ್ತಿದ್ದಳು. ಮೂರನೇ ಇಯತ್ತೆ ಓದುವ ಹುಡುಗಿಗೆ ಇದಕ್ಕಿಂತ ಬೇರೆ ಏನು ಬೇಕು?

ಅವ್ವ ಸೊರಬದ ಕಡೆಯವಳು, ಉಳವಿಯವಳು. ಅಕ್ಕಿ ರೊಟ್ಟಿ ತಿಂದು ಬೆಳೆದವಳನ್ನು ಜೋಳದ ರೊಟ್ಟಿಯ ಮನೆಗೆ ತಂದಿದ್ದರು. ಮೊದಲ ವರ್ಷವೆಲ್ಲ ಅವಳ ರೊಟ್ಟಿ ಅಂಚು ಹರಿದು ಬರುತ್ತಿತ್ತಂತೆ, ಆ ಹರಿದವನ್ನೆಲ್ಲ ಅವಳಿಗೇ ತಿನ್ನಿಸುತ್ತಿದ್ದರಂತೆ. ಅವಳು ಏನು ಅನ್ನುವಲ್ಲಿ ಎಂತ ಅಂದರೆ ಸಾಕು, ಮನೆಯ ಮಕ್ಕಳೆಲ್ಲ ಎಂತ ಎಂತ ಎಂದು ಆಡಿಕೊಂಡು ನಗುತ್ತಿದ್ದರು, ಅವರ ಜೊತೆ ನಾನೂ. ಅವಳಿಗೆ ತಾಯಿ ಇರಲಿಲ್ಲ. ಇದ್ದವಳು ತಂಗಿ ಪಾರ್ವತಿ ಒಬ್ಬಳೇ. ಎತ್ತಿ ಆಡಿಸಿ ಸಾಕಿದ್ದು, ಜಡೆ ಹಾಕಿದ್ದು, ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಧಾರೆಗೆ ನೀರು ಬಿಟ್ಟದ್ದು ಎಲ್ಲ ಅವ್ವನೇ. ಪಾರ್ವತಿ ಚಿಕ್ಕಮ್ಮನನ್ನು ಉಳವಿಯಲ್ಲೇ ಕೊಟ್ಟಿದ್ದರು. ಅವಳ ಅತ್ತೆಗೆ ಎರಡೂ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಚಿಕ್ಕಮ್ಮ ಬಸುರಿ ಎಂದು ತಿಳಿದ ದಿನದಿಂದ ಅವ್ವನ ತಲೆಯಲ್ಲಿ ಇದ್ದದ್ದು ಒಂದೇ, ಹೆರಿಗೆಗೆ ಹೋಗಬೇಕು, ಬಾಣಂತನ ತಾನೇ ಮಾಡಬೇಕು. ನೀರು ಸೇದುವಾಗ, ಹಿಟ್ಟು ನಾದುವಾಗ ತಿಂಗಳು ಎಣಿಸುತ್ತಿದ್ದಳು. ನಮ್ಮ ಬೀದಿಯಲ್ಲೇ ಒಬ್ಬಳು ಹೆರಿಗೆಯಲ್ಲಿ ನೋಡಿಕೊಳ್ಳುವವರಿಲ್ಲದೆ ತೀರಿಹೋಗಿದ್ದಳು, ಅದು ಅವ್ವನ ಕಣ್ಣಮುಂದೆಯೇ ಆಗಿತ್ತು.

ಏಳು ತಿಂಗಳಿಗೆ ಕುಪ್ಪಸ, ಅಂದರೆ ಸೀಮಂತ, ಮಾಡಬೇಕಿತ್ತು. ದೊಡ್ಡಪ್ಪ ಆಗ ಸಾಹೇಬರ ಜೊತೆ ಕ್ಯಾಂಪ್ ಹೋಗಿದ್ದರು. ಅವ್ವ ಅಪ್ಪನನ್ನು ಕೇಳಿದಳು, ಅಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತ ಹೋಗಿ ಬಾ ಅಂದ. ಒಂದು ಸೀರೆ, ಕುಪ್ಪಸದ ಬಟ್ಟೆ, ಹಸಿರು ಬಳೆ, ಐದು ತರದ ಉಂಡೆ ಕಟ್ಟಿಕೊಂಡು, ಇನ್ನೂ ಹಾಲು ಕುಡಿಯುತ್ತಿದ್ದ ನನ್ನ ತಮ್ಮನನ್ನು ಸೊಂಟಕ್ಕೆ ಏರಿಸಿ ಬೆಳಗಿನ ಬಸ್ಸಿಗೆ ಹೋದಳು, ಮಾರನೆಯ ದಿನ ಮಧ್ಯಾಹ್ನ ವಾಪಸ್ ಬಂದಳು. ದೊಡ್ಡಪ್ಪ ಅಂದು ಸಂಜೆ ಬಂದರು. ಅವರಿಗೆ ರಿಪೋರ್ಟ್ ಕೊಟ್ಟವಳು ನಾನೇ. ಯಾರೂ ಕೇಳಿರಲಿಲ್ಲ, ಅವ್ವ ಊರಿಂದ ತಂದ ಉಂಡೆ ತಿನ್ನುತ್ತ ನಾನಾಗಿ ಹೇಳಿದೆ. ದೊಡ್ಡಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬಂದು ಕೂತರು.

"ಏ ಶಾಂತಿ, ನಿಮ್ಮವ್ವಂಗೆ ಕೇಳು, ಯಾರ ಪರ್ಮಿಷನ್ ತಗಂಡು ಊರು ಬಿಟ್ಟಿದ್ಲು ಅಂತ."

ಹೋಗಿ ಕೇಳಿದೆ.

"ಅವ್ರ ತಮ್ಮನ್ನ ಕೇಳಿ ಹೋಗಿದ್ದೆ ಅಂತ ಹೇಳು."

ಬಂದು ಹೇಳಿದೆ. ಅಪ್ಪ ಪಡಸಾಲೆಯ ಕಂಬದ ಹತ್ತಿರ ಹಗ್ಗ ಹೊಸೆಯುತ್ತಿದ್ದ, ತಲೆ ಎತ್ತಲಿಲ್ಲ.

"ಅವ್ನೇ ನನ್ನ ಅಂಡರ್ ಅದಾನೆ. ಅವ್ನು ಕೊಟ್ಟ ಪರ್ಮಿಷನ್ನು ಈ ಮನಿಯಾಗೆ ನಡಿಯಂಗಿಲ್ಲ. ಮುಂದಿನ ಆರ್ಡರ್ ಆಗೋ ತನಕ ಸಸ್ಪೆಂಡು ಅಂತ ಹೇಳು."

ಅಪ್ಪ ಆಗಲೂ ತಲೆ ಎತ್ತಲಿಲ್ಲ. ಅಪ್ಪ ಒಳ್ಳೆಯವನಾಗಿದ್ದ ಎಂದು ನಮ್ಮ ಬಳಗದವರೆಲ್ಲ ಈಗಲೂ ಹೇಳುತ್ತಾರೆ. ಇರಬಹುದು. ಹಗ್ಗವನ್ನಂತೂ ಚೆನ್ನಾಗಿ ಹೊಸೆಯುತ್ತಿದ್ದ.

ನಾಲ್ಕು ದಿನ ಅವ್ವ ಹದಿನಾಲ್ಕು ಜನರ ರೊಟ್ಟಿ ಬಡಿದು, ಕೊನೆಯಲ್ಲಿ ಬಚ್ಚಲ ಓಣಿಯಲ್ಲಿ ಒಬ್ಬಳೇ ಕೂತು ಉಂಡಳು. ಐದನೆಯ ದಿನ ಹಿತ್ತಲ ಗೋಡೆಯ ಆಚೆಯ ಗೌರಮ್ಮ ಸಿಕ್ಕಳು. ಅವಳ ಗಂಡ ಇನ್ಯಾವುದೋ ಕಚೇರಿಯಲ್ಲಿ ಗುಮಾಸ್ತ. ಅವನೂ ಆಗ ಸಸ್ಪೆಂಡ್ ಆಗಿದ್ದ, ನಿಜವಾದ ಸಸ್ಪೆಂಡು, ಸರ್ಕಾರದ್ದು. ಅವ್ವ ಅವಳನ್ನು ಸಮಾಧಾನ ಮಾಡಲೆಂದು ಮಾತು ತೆಗೆದಳು. ಯಜಮಾನರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದಳು.

"ಏನ್ ಮಾಡ್ತಾರ್ರಿ, ಜಗಲಿ ಮೇಲೆ ಕೂತು ಎಲಿ ಅಡಿಕಿ ಹಾಕ್ತಾರೆ. ಸಸ್ಪೆಂಡ್ ಆದೋರು ಆಫೀಸಿನ ಒಂದು ಕಾಗ್ದ ಮುಟ್ಟಂಗಿಲ್ಲಂತೆ. ಮುಟ್ಟಿದ್ರೆ ಅದೂ ತಪ್ಪಂತೆ."

"ಹಂಗಾರೆ ಅವ್ರ ಕೆಲ್ಸ ಯಾರು ಮಾಡಾದು?"

"ಯಾರೋ ಮಾಡ್ತಾರೆ. ಇಲ್ಲಾಂದ್ರೆ ಹಂಗೇ ಬಿದ್ದಿರ್ತೈತಿ."

ಅವ್ವ ಕೊಡಪಾನವನ್ನು ಗೋಡೆಯ ಮೇಲೆ ಇಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಅವಳ ಮುಖದಲ್ಲಿ ಅಂಥ ಬೆಳಕನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮಿಂದಳು, ಒಗೆದ ಸೀರೆ ಉಟ್ಟಳು, ವಿಭೂತಿ ಇಟ್ಟುಕೊಂಡು ತಮ್ಮನನ್ನು ಎತ್ತಿಕೊಂಡು ಬಚ್ಚಲ ಓಣಿಗೆ ಹೋಗಿ ಕಾಲು ಚಾಚಿ ಕೂತಳು. ಒಲೆಯಲ್ಲಿ ಬೂದಿ ಹಾಗೇ ಇತ್ತು. ಗಂಡಸರು ಪೂಜೆ ಮುಗಿಸಿ ಬಂದು ಸಾಲಾಗಿ ಕೂತರು. ತಾಟುಗಳೇ ಬರಲಿಲ್ಲ. ದೊಡ್ಡಪ್ಪ ಎರಡು ಸಲ ಕೆಮ್ಮಿದರು. ಆಮೇಲೆ ನನ್ನನ್ನು ಕರೆದು, ಒಲೆ ಯಾಕೆ ಹಚ್ಚಿಲ್ಲ ಕೇಳು ಅಂದರು. ಅವ್ವ ಆವತ್ತು ದನಿ ತಗ್ಗಿಸಲಿಲ್ಲ. ನಡುಮನೆಯಲ್ಲಿ ಕೂತವರಿಗೆ ನಾನು ಹೇಳುವ ಮೊದಲೇ ಕೇಳಿಸಿತು.

"ಸಸ್ಪೆಂಡ್ ಆದೋರು ಕೆಲ್ಸ ಮುಟ್ಟಬಾರ್ದಂತೆ. ಮುಟ್ಟಿದ್ರೆ ಅದೂ ತಪ್ಪಂತೆ. ಅವ್ರ ಕಚೇರಿ ರೂಲೇ ಹಂಗದೆ ಅಂತ ಹೇಳು. ನಾನ್ಯಾಕೆ ಇನ್ನೊಂದು ತಪ್ಪು ಮಾಡಾದು?"

ದೊಡ್ಡಪ್ಪನಿಗೆ ಇದು ಸುಳ್ಳು ಅನ್ನಲು ಆಗಲಿಲ್ಲ. ಕಚೇರಿಯ ರೂಲನ್ನು ಸುಳ್ಳು ಎಂದರೆ ತಾವು ತಂದ ಎಲ್ಲ ಮಾತೂ ಸುಳ್ಳಾಗುತ್ತಿತ್ತು. ಅವರು ಎದ್ದು, ಬರೀ ಮಜ್ಜಿಗೆ ಕುಡಿದು ಡ್ಯೂಟಿಗೆ ಹೋದರು. ಕೊಟ್ಟಿಗೆಯಲ್ಲಿ ಅಪ್ಪ ನಕ್ಕದ್ದು ನನಗೆ ಕೇಳಿಸಿತು. ನಕ್ಕದ್ದನ್ನು ಎತ್ತಿಗೆ ಮಾತ್ರ ತೋರಿಸಿದ. ಆ ದಿನ ದೊಡ್ಡವ್ವ ಸೊಟ್ಟಗೈಯಲ್ಲಿ ಬಡಿದ ರೊಟ್ಟಿ ಹಂಚಿನ ಮೇಲೆ ನಾಲ್ಕು ಚೂರಾಯಿತು. ಮಕ್ಕಳಿಗೆ ಮಂಡಕ್ಕಿ, ದೊಡ್ಡವರಿಗೆ ಗಂಜಿ. ಎರಡು ದಿನ ಹೀಗೆ ನಡೆಯಿತು. ಸೋದರತ್ತೆ ಗೋಡೆಗೆ ಒರಗಿ ಕೂತು ತಾನು ಸತ್ತರೆ ಅದು ಹಸಿವಿನಿಂದ ಎಂದು ಬಂದವರಿಗೆಲ್ಲ ತಿಳಿಸುತ್ತಿದ್ದಳು. ದೊಡ್ಡವ್ವ ಓಣಿಗೆ ಬಂದು, ನಾನೂ ಕಾಲಿಗೆ ಬಿದ್ದಿದ್ದೆ, ನೀನೂ ಬಿದ್ದುಬಿಡು, ಕಾಲಿಗೆ ಬಿದ್ದರೆ ಹಣೆ ಸವೆಯುತ್ತದಾ ಎಂದು ಪಿಸುಗುಟ್ಟಿದಳು. ಸಸ್ಪೆಂಡ್ ಆದವರನ್ನು ಮಾತಾಡಿಸುವ ಹಾಗಿಲ್ಲ ಎಂದು ಅವ್ವ ಕೈಸನ್ನೆ ಮಾಡಿ ತೋರಿಸಿದಳು. ಓಣಿಯಿಂದ ಹೊರಗೆ ಬಂದ ದೊಡ್ಡವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು, ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ.

ಮೂರನೆಯ ಸಂಜೆ ದೊಡ್ಡಪ್ಪ ಕಚೇರಿಯಿಂದ ಒಂದು ಬಿಳಿ ಹಾಳೆ, ನೀಲಿ ಶಾಯಿಯ ಪ್ಯಾಡು ತಂದರು. ಆರ್ಡರ್ ಸುಮ್ಮನೆ ವಾಪಸ್ ಪಡೆದರೆ ಮರ್ಯಾದೆ ಹೋಗುತ್ತದೆ, ಅವಳು ಬರೆದುಕೊಟ್ಟರೆ ಪಡೆಯಬಹುದು, ಹೀಗೆ ಲೆಕ್ಕ ಹಾಕಿದ್ದರು. ಬರೆದುಕೊಟ್ಟರೆ ಹೆರಿಗೆಗೆ ಹೋಗಲು ಪರ್ಮಿಷನ್ನೂ ಅದರ ಜೊತೆಗೇ ಸಿಗುತ್ತದೆ ಎಂದು ನನ್ನ ಕೈಯಲ್ಲಿ ಹೇಳಿ ಕಳಿಸಿದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಅಕ್ಷರ ಶಾಲೆಯಲ್ಲೇ ಎಲ್ಲರಿಗಿಂತ ದುಂಡಗಿತ್ತು. ಅವರು ಹೇಳಿದರು, ನಾನು ಬೋರಲು ಮಲಗಿ ನಾಲಿಗೆ ಕಚ್ಚಿಕೊಂಡು ಅವ್ವನ ಹೆಸರಿನಲ್ಲಿ ಬರೆದೆ. ನಾನು ಅಂದರೆ ನೀಲವ್ವ, ಪರ್ಮಿಷನ್ ಇಲ್ಲದೆ ಮನೆ ಬಿಟ್ಟು ಹೋಗಿದ್ದು ನನ್ನ ತಪ್ಪು. ಇನ್ನು ಮುಂದೆ ಯಜಮಾನರ ಕಂಟ್ರೋಲಿನಲ್ಲಿ ಇರುತ್ತೇನೆ. ಅವರ ಆರ್ಡರ್ ಇಲ್ಲದೆ ಹೊಸಿಲು ದಾಟುವುದಿಲ್ಲ. ಕಂಟ್ರೋಲ್ ಅನ್ನುವುದನ್ನು ಒತ್ತು ಕೊಟ್ಟು ಚಂದವಾಗಿ ಬರೆದಿದ್ದೇನೆ ಎಂದು ದೊಡ್ಡಪ್ಪ ಶಹಬ್ಬಾಸ್ ಅಂದರು. ಹಾಳೆಯನ್ನೂ ಪ್ಯಾಡನ್ನೂ ಹಿಡಿದು ಕುಣಿಯುತ್ತ ಓಣಿಗೆ ಹೋದೆ. ಅವ್ವ ಓದು ಅಂದಳು. ಶಾಲೆಯಲ್ಲಿ ಪದ್ಯ ಓದುವ ಹಾಗೆ ಗಟ್ಟಿಯಾಗಿ ಓದಿದೆ.

"ಕಂಟ್ರೋಲು ಅಂದ್ರೆ ಎಂತದು? ಕನ್ನಡದಾಗೆ ಹೇಳು."

ನನಗೆ ತಕ್ಷಣ ಬರಲಿಲ್ಲ. ದಿನಕ್ಕೆ ನೂರು ಸಲ ಆಡುತ್ತಿದ್ದ ಮಾತು. ಕೊಟ್ಟಿಗೆಯ ಕಡೆ ಕಣ್ಣು ಹೋಯಿತು.

"ಎತ್ತಿಗೆ ಮೂಗುದಾರ ಇರ್ತೈತಲ್ಲವ್ವ, ಹಂಗೆ."

"ಹಂಗಾರೆ ಅದ್ನೇ ಬರಿ. ನೀಲವ್ವ ಮೂಗುದಾರ ಹಾಕಿಸ್ಕಂತಾಳೆ ಅಂತ ಬರ್ಕಂಡು ಬಾ. ಆಮೇಲೆ ಹೆಬ್ಬೆಟ್ಟು ಒತ್ತಾದೋ ಬಿಡಾದೋ ನೋಡಣ."

ಇದನ್ನು ಹಾಗೇ ತಂದು ದೊಡ್ಡಪ್ಪನಿಗೆ ಒಪ್ಪಿಸಿದೆ. ಅವರ ಮುಖ ಕೆಂಪಾಯಿತು. ನಿಜವಾಗಿ ಅವಮಾನ ಆದವರ ಹಾಗೆ ನನ್ನನ್ನು ನೋಡಿದರು.

"ಹಂಗೆಲ್ಲ ಬರಿಯಂಗಿಲ್ಲ. ನಾವೇನು ಮನಿ ಹೆಣ್ಮಕ್ಕಳನ್ನ ದನ ಅಂದ್ಕಂಡೀವಾ? ಮರ್ಯಾದಸ್ಥರ ಮನಿ ಇದು. ಕಂಟ್ರೋಲ್ ಅಂತನೇ ಇರ್ಲಿ."

ಈ ಒಂದು ಮಾತನ್ನು ನಾನು ಇಷ್ಟು ವರ್ಷ ಅಗಿಯುತ್ತ ಬಂದಿದ್ದೇನೆ. ಮಾಡಬಹುದಂತೆ, ಅದರ ಹೆಸರು ಹೇಳಬಾರದಂತೆ. ನಮ್ಮಜ್ಜನ ಕಾಲದಲ್ಲಿ ಹುಕುಂ ಇತ್ತಂತೆ. ಹೊಲ ತಾಬೆಯಲ್ಲಿ, ಆಳು ಹದ್ದುಬಸ್ತಿನಲ್ಲಿ. ಆಗ ಆಳುವವರ ಮಾತು ಅದಾಗಿತ್ತು. ಆಳುವವರು ಬದಲಾದರು, ಮಾತೂ ಬದಲಾಯಿತು, ಬಗ್ಗಿದ ಬೆನ್ನು ಮಾತ್ರ ಅಲ್ಲೇ ಇದೆ. ಈಗ ನನ್ನ ಮೊಮ್ಮಗ ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಾನೆ, ಹೆಂಡತಿಯನ್ನು ಮೊದಲಿಂದ ಕಂಟ್ರೋಲಲ್ಲಿ ಇಟ್ಕೋಬೇಕು, ಆಮೇಲೆ ಹ್ಯಾಂಡಲ್ ಮಾಡೋದು ಕಷ್ಟ ಅಂತ. ಸಂಘದ ಹೆಂಗಸರು ಸೊಸೆಯನ್ನು ಲೈನಿಗೆ ತಂದೆ ಅನ್ನುತ್ತಾರೆ. ಮಗಳನ್ನು ಕೊಟ್ಟ ಮನೆಯಲ್ಲಿ ಹೊಡೆತ ಬಿದ್ದರೆ ಬೀಗರು ಬಂದು ಸ್ವಲ್ಪ ಅಡ್ಜಸ್ಟ್ ಆಗಬೇಕ್ರಿ ಅನ್ನುತ್ತಾರೆ, ನಾವು ಅವರಿಗೆ ಚಹಾ ಕೊಡುತ್ತೇವೆ. ಹೆಂಡತಿಯ ಕತ್ತು ಹಿಡಿದಿದ್ದೇನೆ ಎಂದು ಕನ್ನಡದಲ್ಲಿ ಹೇಳಿದರೆ ಕೇಳಿದವರು ಎದ್ದು ಹೋಗುತ್ತಾರೆ. ಕಂಟ್ರೋಲಲ್ಲಿ ಇಟ್ಟಿದ್ದೇನೆ ಅಂದರೆ ತಲೆ ಆಡಿಸಿ ಕೂರುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ ಹಲ್ಕಟ್ ಮಾತು ಅದು. ನನ್ನ ಸೊಸೆಯ ತವರಿನವರು ನಿಮ್ಮತ್ತೆ ಬಹಳ ಡಾಮಿನೇಟ್ ಮಾಡುತ್ತಾರೆ ಎಂದು ಅವಳಿಗೆ ಹೇಳುತ್ತಾರಂತೆ. ಮಾಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಎಲ್ಲಿ ಕಲಿತೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹಾಳೆ ಹೆಬ್ಬೆಟ್ಟಿಲ್ಲದೆ ಪಡಸಾಲೆಯ ಗೂಡಿನಲ್ಲಿ ಉಳಿಯಿತು. ಒಲೆಯನ್ನು ಅವ್ವ ಮತ್ತೆ ಹಚ್ಚಿದಳು, ಮಕ್ಕಳು ಹಸಿದಿವೆ ಎಂದು, ಆದರೆ ಊಟ ಓಣಿಯಲ್ಲೇ. ದೊಡ್ಡಪ್ಪ ದಿನಾ ಸಂಜೆ ಹಾಳೆಯನ್ನು ತೆಗೆದು ನೋಡುತ್ತಿದ್ದರು. ದಿನಾ ನನ್ನನ್ನು ಓಣಿಗೆ ಕಳಿಸುತ್ತಿದ್ದರು. ಒತ್ತುತ್ತಾಳಾ ಕೇಳು. ಹೆರಿಗೆಗೆ ಹೋಗಬೇಕೋ ಬೇಡವೋ ಕೇಳು. ನಾನು ಕೇಳುತ್ತಿದ್ದೆ. ಕೊನೆಕೊನೆಗೆ ಅವರು ಹೇಳಿದ್ದಕ್ಕಿಂತ ಎರಡು ಮಾತು ಜಾಸ್ತಿ ಸೇರಿಸಿ ಕೇಳುತ್ತಿದ್ದೆ. ಒತ್ತಿದರೆ ನಿನ್ನ ಗಂಟೇನು ಹೋಗುತ್ತದೆ, ಒತ್ತದಿದ್ದರೆ ನಾನು ಅಷ್ಟು ಚಂದ ಬರೆದದ್ದು ಹಾಳಾಗುತ್ತದೆ ಅಂತಲೂ ಅಂದೆ. ಅವ್ವ ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದಳು. ಎರಡು ತಿಂಗಳು ಹೀಗೇ ಕಳೆಯಿತು.

ಒಂದು ಬೆಳಿಗ್ಗೆ ಸೊರಬದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ನಮ್ಮ ಮನೆಯ ಮುಂದೆ ನಿಂತು ಸುದ್ದಿ ಹೇಳಿದ. ಪಾರ್ವತಿಗೆ ಕಾಲು ಬಾತಿದೆ, ದಿನ ಹತ್ತಿರ ಬಂದಿದೆ, ಅಕ್ಕ ಬರಬೇಕಂತೆ. ದೊಡ್ಡಪ್ಪ ಗೂಡಿನಿಂದ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಇವತ್ತು ಒತ್ತೇ ಒತ್ತುತ್ತಾಳೆ ಎಂದು ನನಗೂ ಅನಿಸಿತ್ತು. ಪ್ಯಾಡಿನ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಅವ್ವ ಹಾಳೆಯನ್ನು ತೆಗೆದುಕೊಂಡಳು. ಅದನ್ನು ಹರಿಯಲಿಲ್ಲ, ಒಲೆಗೂ ಹಾಕಲಿಲ್ಲ. ಪಾರ್ವತಿಯ ಬಾಣಂತನಕ್ಕೆಂದು ಮೊದಲೇ ಮಾಡಿಟ್ಟಿದ್ದ ಅಂಟಿನುಂಡೆಯನ್ನು ಅದರಲ್ಲಿ ಸುತ್ತಿ ಗಂಟು ಕಟ್ಟಿದಳು. ತಮ್ಮನನ್ನು ಎತ್ತಿಕೊಂಡಳು. ನಾನೂ ಬರುತ್ತೇನೆ ಎಂದು ಸೆರಗು ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನೀನು ಅವ್ರ ಕಡೆಯವ್ಳು. ಇಲ್ಲೇ ಇರು."

ಪಡಸಾಲೆಯಲ್ಲಿ ದೊಡ್ಡಪ್ಪ ಕೂತಿದ್ದರು. ಅವರ ಎದುರಿನಿಂದಲೇ ನಡೆದು, ಬೀದಿ ಬಾಗಿಲು ದಾಟಿದಳು. ಮದುವೆಯಾಗಿ ಬಂದ ಮೇಲೆ ಅವರ ಎದುರು ಅವಳು ಮುಖ ಮುಚ್ಚದೆ ನಡೆದದ್ದು ಅದೇ ಮೊದಲು. ದೊಡ್ಡಪ್ಪನಿಗೆ ಅವಳನ್ನು ತಡೆಯಬೇಕೆಂದರೆ ಮಾತಾಡಬೇಕು. ಮಾತಾಡಬೇಕೆಂದರೆ ನನ್ನನ್ನು ಕಳಿಸಬೇಕು. ಅವರು ನನ್ನ ಕಡೆ ನೋಡಿದರು, ಆದರೆ ನಾನು ಅಡುಗೆಮನೆಯ ಬಾಗಿಲಲ್ಲಿ ಅಳುತ್ತ ಕೂತಿದ್ದೆ. ಅಷ್ಟರಲ್ಲಿ ಸೊರಬದ ಕಡೆಗೆ ಹೋಗುವ ಬಸ್ಸು ಹೊರಟಿತು.

ಆ ದಿನ ಮಧ್ಯಾಹ್ನ ದೊಡ್ಡಪ್ಪ ನನ್ನನ್ನು ಕರೆದು ತಲೆ ಸವರಿದರು. ಇವತ್ತಿಂದ ಒಲೆ ನಿನ್ನ ಚಾರ್ಜು, ನೀನು ಜವಾಬ್ದಾರಿ ಹುಡುಗಿ ಅಂದರು. ದೊಡ್ಡವ್ವ ಹಿಟ್ಟು ನಾದಿ ಕೊಟ್ಟಳು, ನಾನು ಬಡಿಯಲು ಕಲಿತೆ. ಮೊದಲ ವಾರ ಅಂಗೈ ತುಂಬ ಬೊಬ್ಬೆ. ಹೊಗೆಗೆ ಕಣ್ಣು ಊದಿ ಬೆಳಿಗ್ಗೆ ರೆಪ್ಪೆ ಬಿಚ್ಚುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಒಮ್ಮೆ ಜಗಲಿಯ ತನಕ ಬಂದು ಹುಡುಗಿ ಚುರುಕಿದ್ದಾಳೆ, ಕಳಿಸಿ ಎಂದರು. ಲೀವಿನಲ್ಲಿದ್ದಾಳೆ ಎಂದು ದೊಡ್ಡಪ್ಪ ಹೇಳಿ ಕಳಿಸಿದರು. ಶಾಲೆ ಬಿಡು ಎಂದು ಒಮ್ಮೆಯೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಹಠ ಹಿಡಿದು ಹೊರಳಾಡುತ್ತಿದ್ದೆ. ಚಾರ್ಜು ಅಂದರು ನೋಡಿ, ಅದಕ್ಕೆ ಉಬ್ಬಿಹೋದೆ. ನನಗಿಂತ ದೊಡ್ಡ ಅಣ್ಣಂದಿರು ಬಂದು ಇನ್ನೊಂದು ರೊಟ್ಟಿ ಹಾಕು ಎಂದು ಕೈ ಚಾಚುತ್ತಿದ್ದರು, ನಾನು ಇಲ್ಲ ಅಂದರೆ ಇಲ್ಲ. ಇಬ್ಬರನ್ನು ನಾನೇ ಸಸ್ಪೆಂಡ್ ಮಾಡಿದೆ, ದೊಡ್ಡಪ್ಪ ನಕ್ಕು ಅದನ್ನು ಪಾಸ್ ಮಾಡಿದರು. ಅವ್ವ ನೆನಪಾಗುತ್ತಿದ್ದದ್ದು ಬೊಬ್ಬೆ ಉರಿದಾಗ ಮಾತ್ರ, ಆಗಲೂ ಸಿಟ್ಟಿನಲ್ಲೇ.

ಅವ್ವ ಒಂದೂವರೆ ತಿಂಗಳಿಗೆ ಬಂದಳು. ಹೆರಿಗೆ ಕಷ್ಟವಾಗಿತ್ತಂತೆ, ಎರಡು ದಿನ ಹಿಡಿಯಿತಂತೆ, ತಾಯಿ ಮಗು ಇಬ್ಬರೂ ಉಳಿದಿದ್ದರು. ಅವಳು ಹೋಗದೆ ಇದ್ದಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಪಾರ್ವತಿ ಚಿಕ್ಕಮ್ಮ ತಾನು ಸಾಯುವ ತನಕ ಹೇಳುತ್ತಿದ್ದಳು. ಅವ್ವ ಹೋದದ್ದು ಸರಿ. ನನ್ನನ್ನು ಬಿಟ್ಟು ಹೋದದ್ದು ಸರಿಯೋ ತಪ್ಪೋ ನನಗೆ ಇನ್ನೂ ತೀರ್ಮಾನ ಮಾಡಲಾಗಿಲ್ಲ. ಬಂದಾಗ ಬಿಸಿಲು ಏರಿತ್ತು. ದೊಡ್ಡವ್ವ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು, ಸೋದರತ್ತೆ ಗುಡಿಗೆ ಹೋಗಿದ್ದಳು. ಅವ್ವ ಹಿತ್ತಲಿಂದ ಒಳಗೆ ಬಂದು ತಮ್ಮನನ್ನು ಕೆಳಗೆ ಇಳಿಸಿದಳು. ನಾನು ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಅವಳು ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಬೊಬ್ಬೆ ಒಡೆದು ಒಣಗಿ ಗಟ್ಟಿಯಾಗಿತ್ತು.

"ಏಳು. ಕೈ ತೊಳ್ಕಂಡು ಶಾಲೆಗೆ ಹೋಗು. ಇದ್ನ ನಾನು ನೋಡ್ಕಂತೀನಿ."

ನಾನು ಕೈ ಬಿಡಿಸಿಕೊಂಡೆ. ಏಳಲಿಲ್ಲ.

"ಯಾರ ಆರ್ಡರು? ಒಲೆ ಈಗ ನನ್ನ ಚಾರ್ಜು. ನಿನ್ನ ಸಸ್ಪೆಂಡು ಇನ್ನೂ ಮುಗಿದಿಲ್ಲ, ಓಣಿಯಾಗೆ ಹೋಗಿ ಕೂತ್ಕ."

ಅವ್ವ ಹೊಡೆಯುತ್ತಾಳೆ ಎಂದು ಭುಜ ಬಿಗಿ ಹಿಡಿದು ಕೂತೆ. ಹೊಡೆಯಲಿಲ್ಲ. ಅಷ್ಟು ವರ್ಷದ ರೂಢಿ. ನನ್ನ ಬಾಯಿಂದ ಇಂಥ ಮಾತು ಬಂದಾಗಲೆಲ್ಲ ಅದನ್ನು ಹೇಳಿ ಕಳಿಸಿದವರು ಹಿಂದೆ ಇರುತ್ತಿದ್ದರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಪಡಸಾಲೆಯ ಕಡೆ ಬಗ್ಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ದೊಡ್ಡಪ್ಪ ಡ್ಯೂಟಿಗೆ ಹೋಗಿ ಎರಡು ತಾಸು ಆಗಿತ್ತು.